ಸ್ಯಾಕ್ಸೋಫೋನ್ ನಮ್ಮದಾಯಿತು, ಗಿಟಾರಿಗೇಕೆ ಬಾಗಿಲು ಮುಚ್ಚುತ್ತೀರಿ?



ಕಾರ್ಕಳದಿಂದ ಕುದುರೆಮುಖಕ್ಕೆ ಹೋಗುವ ದಾರಿಯ ಬಜಗೋಳಿಯಲ್ಲಿ ನನ್ನದೊಂದು ಪುಟ್ಟ ಪ್ರೆಸ್ಸಿದೆ. ಅಕ್ಟೋಬರ್ ಬಂತೆಂದರೆ ರಾಜ್ಯೋತ್ಸವದ ಕರಪತ್ರಗಳು ಅಚ್ಚಿಗೆ ಬರತೊಡಗುತ್ತವೆ. ಊರು ಬೇರೆ, ಸಂಘ ಬೇರೆ, ಆದರೆ ಒಳಗಿನ ಸಾಲುಗಳು ಮಾತ್ರ ಒಂದೇ. ಬೆಳಿಗ್ಗೆ ಧ್ವಜಾರೋಹಣ, ಆಮೇಲೆ ಭುವನೇಶ್ವರಿಯ ಮೆರವಣಿಗೆ, ಸಂಜೆ ಸಭೆ, ಸನ್ಮಾನ, ಕೊನೆಗೆ ದಪ್ಪಕ್ಷರದಲ್ಲಿ "ಭರ್ಜರಿ ರಸಮಂಜರಿ". ರಸಮಂಜರಿ ಎಂದರೇನೆಂದು ನಿಮಗೆ ಗೊತ್ತೇ ಇದೆ. ಹಳೆಯ ಸಿನಿಮಾ ಹಾಡುಗಳನ್ನು ಕ್ಯಾಸೆಟ್ಟಿನಲ್ಲಿದ್ದ ಹಾಗೆಯೇ ಹಾಡಿ ಹೋಗುವುದು. ನನಗೂ ಅದು ಇಷ್ಟ, ಸುಳ್ಳು ಹೇಳುವುದಿಲ್ಲ. ಆದರೆ "ನಮ್ಮ ಹುಡುಗರು ತಾವೇ ಕಟ್ಟಿದ ಹೊಸ ಕನ್ನಡ ಹಾಡುಗಳು" ಎಂಬ ಸಾಲನ್ನು ಇಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಅಚ್ಚು ಮಾಡಿಲ್ಲ. ಹಾಗಾಗಲು ಕಾರಣರಾದವರಲ್ಲಿ ನಾನೂ ಒಬ್ಬ. ಈ ಸಲದ ಸಂಪಾದಕೀಯ ಆ ತಪ್ಪೊಪ್ಪಿಗೆಯಿಂದಲೇ ಶುರುವಾಗಲಿ.

2009ರ ಮಾತು. ನಾನಾಗ ಒಂದು ರಾಜ್ಯೋತ್ಸವ ಸಮಿತಿಯ ಕಾರ್ಯದರ್ಶಿ. ಕಾಲೇಜಿಗೆ ಹೋಗುವ ನಾಲ್ವರು ಹುಡುಗರು ನಮ್ಮ ಸಭೆಗೆ ಬಂದರು. ಒಬ್ಬ ಗಿಟಾರ್ ನುಡಿಸುವವನು, ಒಬ್ಬ ಡ್ರಮ್ಸ್ ಬಾರಿಸುವವನು, ಇನ್ನೊಬ್ಬ ಯಕ್ಷಗಾನದ ಚೆಂಡೆ ಕಲಿತವನು. ನಾಲ್ಕನೆಯವನು ನೇಮಗಳಿಗೆ ವಾದ್ಯ ನುಡಿಸಲು ಹೋಗುವ ಮನೆತನದ ಹುಡುಗ, ಸ್ಯಾಕ್ಸೋಫೋನ್ ಅವನ ಕೈಯಲ್ಲಿತ್ತು. ಶಿಶುನಾಳ ಶರೀಫರ ಒಂದು ತತ್ವಪದ, ತಾವೇ ಬರೆದ ಎರಡು ಕನ್ನಡ ಹಾಡು, ಒಟ್ಟು ಅರ್ಧ ಗಂಟೆ ಅವಕಾಶ ಕೊಡಿ ಎಂದರು. ಸೌಂಡ್ ಬಾಡಿಗೆಗೆ 5 ಸಾವಿರ ರೂಪಾಯಿ ಸಾಕು ಎಂದರು.

ನಾನು ಏನು ಹೇಳಿದೆ ಗೊತ್ತೆ? "ಇದು ಕನ್ನಡದ ಹಬ್ಬ. ಇಂಗ್ಲಿಷ್ ಬ್ಯಾಂಡಿನ ಕುಣಿತ ಇಲ್ಲಿ ಬೇಡ." ಗಿಟಾರಿನ ಹುಡುಗ ಮೆತ್ತಗೆ, "ಹಾಡು ಕನ್ನಡದ್ದೇ ಅಣ್ಣ" ಎಂದ. "ವಾದ್ಯ ಯಾರದ್ದು?" ಎಂದು ನಾನು ಗದರಿದೆ. ಸಭೆಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಹುಡುಗರು ಎದ್ದು ಹೋದರು.

ಆ ವರ್ಷವೂ ರಸಮಂಜರಿಯೇ ನಡೆಯಿತು. ತಂಡಕ್ಕೆ 35 ಸಾವಿರ ಕೊಟ್ಟೆವು. ಅವರ ವೇದಿಕೆಯ ಮೇಲೆ ಇದ್ದದ್ದೇನು? ಎರಡು ಕೀಬೋರ್ಡ್, ಒಂದು ಸೆಟ್ ಡ್ರಮ್ಸ್, ಒಂದು ವಿದ್ಯುತ್ ಗಿಟಾರ್! ಅವು ಯಾರ ವಾದ್ಯಗಳೆಂದು ನಾನು ಕೇಳಲಿಲ್ಲ, ಸಮಿತಿಯೂ ಕೇಳಲಿಲ್ಲ. ಸಿನಿಮಾ ಹಾಡಿಗೆ ನುಡಿಸಿದರೆ ಗಿಟಾರ್ ಕನ್ನಡದ್ದು, ಹುಡುಗ ಸ್ವಂತ ಹಾಡಿಗೆ ನುಡಿಸಿದರೆ ಅದೇ ಗಿಟಾರ್ ಪರದೇಶಿ. ಇದು ಯಾವ ಊರ ನ್ಯಾಯ?

ಮರುವರ್ಷ ಆ ಹುಡುಗರು ದೂರದ ಕಾಲೇಜೊಂದರ ಹಬ್ಬದಲ್ಲಿ ನುಡಿಸಿದರೆಂದು ಕೇಳಿದೆ. ಅಲ್ಲಿ ಹಾಡಿದ್ದು ಪೂರಾ ಇಂಗ್ಲಿಷ್. ಆಗ "ನೋಡಿದಿರಾ, ನಾನು ಮೊದಲೇ ಹೇಳಲಿಲ್ಲವೆ?" ಎಂದು ನಾನು ನಾಲ್ಕು ಜನರ ಮುಂದೆ ಬೀಗಿದ್ದೂ ಉಂಟು. ಕನ್ನಡ ಹಾಡಲು ಬಂದವರನ್ನು ಹೊರಗೆ ಕಳಿಸಿದವನೇ, ಅವರು ಇಂಗ್ಲಿಷ್ ಹಾಡಿದರೆಂದು ದೂರಿದ್ದೆ.

"ವಾದ್ಯ ಯಾರದ್ದು?" ಎಂಬ ನನ್ನ ಆ ಪ್ರಶ್ನೆಗೆ ಉತ್ತರ ನನ್ನ ಪ್ರೆಸ್ಸಿನಲ್ಲಿಯೇ ಇತ್ತು. ನನ್ನ ಅಚ್ಚಿನ ಯಂತ್ರ ಯಾರದ್ದು? ಅಚ್ಚುಮೊಳೆಯ ವಿದ್ಯೆ ಯಾರದ್ದು? ನಮ್ಮ ಮಂಗಳೂರಿನಲ್ಲಿ 1841ರಲ್ಲಿ ಬಾಸೆಲ್ ಮಿಷನ್ನಿನವರು ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಕಲ್ಲಚ್ಚು ಜರ್ಮನಿಯಲ್ಲಿ ಹುಟ್ಟಿದ ವಿದ್ಯೆ. 1843ರ ಜುಲೈ 1ರಂದು ಜರ್ಮನಿಯ ಹರ್ಮನ್ ಮೋಗ್ಲಿಂಗ್ ಹೊರತಂದ "ಮಂಗಳೂರ ಸಮಾಚಾರ" ಕನ್ನಡದ ಮೊದಲ ಪತ್ರಿಕೆ. 1894ರಲ್ಲಿ ಕಿಟ್ಟೆಲ್ಲರ ನಿಘಂಟು ಅಚ್ಚಾದದ್ದೂ ಅದೇ ಮಿಷನ್ ಪ್ರೆಸ್ಸಿನಲ್ಲಿ. ಅಚ್ಚಿನ ವಿದ್ಯೆ ಜರ್ಮನಿಯದೆಂದು ಆ ಪತ್ರಿಕೆಯನ್ನು ಯಾರಾದರೂ ಜರ್ಮನ್ ಪತ್ರಿಕೆ ಎಂದಿದ್ದಾರೆಯೆ? ಯಂತ್ರ ಯಾರದ್ದಾದರೂ ಇರಲಿ, ಅಚ್ಚಾಗಿ ಬಂದದ್ದು ಕನ್ನಡ. ಮುದ್ರಕನಾದ ನನಗೇ ಈ ಮಾತು ಹೊಳೆಯಲಿಲ್ಲವಲ್ಲ ಎಂಬುದೇ ನಾಚಿಕೆ.

ಇನ್ನು ಸಂಗೀತಕ್ಕೆ ಬನ್ನಿ. ಪಿಟೀಲು ಯುರೋಪಿನಿಂದ ಬಂದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಕರ್ನಾಟಕ ಸಂಗೀತದೊಳಗೆ ಬಂದು ಕುಳಿತಿತು. ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ನುಡಿಸಿ "ಪಿಟೀಲು ಚೌಡಯ್ಯ" ಎಂದೇ ಹೆಸರಾದರು. ಅವರ ನೆನಪಿಗೆ ಬೆಂಗಳೂರಿನಲ್ಲಿ 1980ರಲ್ಲಿ ತೆರೆದ ಸಭಾಂಗಣದ ಆಕಾರವೇ ಪಿಟೀಲಿನದು! ಹಾರ್ಮೋನಿಯಮ್ಮೂ ಪರದೇಶದ್ದೇ. ಆಕಾಶವಾಣಿಯವರು 1940ರಲ್ಲಿ ಅದನ್ನು ನಿಷೇಧಿಸಿ 1971ರವರೆಗೆ ಹೊರಗಿಟ್ಟರು. ಏನಾಯಿತು? ನಮ್ಮ ನಾಟಕ ಕಂಪನಿಗಳು, ಭಜನಾ ಮಂಡಳಿಗಳು ಅದನ್ನು ಬಿಡಲಿಲ್ಲ. ಸೋತದ್ದು ನಿಷೇಧ.

ಇವೆರಡೂ ಹಳೆಯ ಕಥೆ ಎನ್ನುವಿರಾದರೆ ನಮ್ಮ ಕರಾವಳಿಯದೇ ಹೊಸ ಕಥೆ ಕೇಳಿ. ಸ್ಯಾಕ್ಸೋಫೋನನ್ನು ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಎಂಬಾತ ಮಾಡಿ 1846ರಲ್ಲಿ ಪೇಟೆಂಟ್ ಪಡೆದ. ಮಿಲಿಟರಿ ಬ್ಯಾಂಡಿನ ಈ ವಾದ್ಯ ಆಮೇಲೆ ಅಮೆರಿಕದ ಕಪ್ಪು ಜನರ ಜಾಝ್ ಸಂಗೀತದ ಉಸಿರಾಯಿತು. ಬಂಟ್ವಾಳ ತಾಲೂಕಿನಲ್ಲಿ 1949ರಲ್ಲಿ ಹುಟ್ಟಿದ, ನಾಗಸ್ವರ ವಿದ್ವಾಂಸರ ಮಗ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಇದನ್ನು ಕೇಳಿ ಮರುಳಾದರು. ಪಾಶ್ಚಾತ್ಯ ಸಂಗೀತ ನುಡಿಸಲು ಮಾಡಿದ ಕೀಲಿಗಳಲ್ಲಿ ನಮ್ಮ ಗಮಕ ಹೊರಡುವುದಿಲ್ಲ. ವಾದ್ಯವನ್ನೇ ತಿದ್ದಿಸಿಕೊಂಡರು, ಮಂಗಳೂರಿನ ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದರಾಸಿನ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತರು, ವರ್ಷಗಟ್ಟಲೆ ಸಾಧಿಸಿದರು. 1980ರ ಮುಂಬಯಿಯ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಜಾಝ್ ಕಲಾವಿದ ಜಾನ್ ಹ್ಯಾಂಡಿ ಇವರನ್ನು ಕೇಳಿ ಬೆರಗಾಗಿ ಜೊತೆಗೆ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿಬಿಸಿ ಕಛೇರಿ, 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಅವರು ತೀರಿಕೊಂಡಾಗ ಸ್ಯಾಕ್ಸೋಫೋನ್ ಪರದೇಶದ್ದೆಂದು ಹೇಳುವ ಒಬ್ಬನೂ ಕರಾವಳಿಯಲ್ಲಿ ಇರಲಿಲ್ಲ. ಇಂದು ನಮ್ಮ ಮದುವೆಯಲ್ಲಿ, ನಾಗಮಂಡಲದಲ್ಲಿ, ದೈವದ ನೇಮದಲ್ಲಿ ಸ್ಯಾಕ್ಸೋಫೋನ್ ಊದುತ್ತದೆ. ದೈವವೇ ಒಪ್ಪಿಕೊಂಡ ವಾದ್ಯವನ್ನು ನನ್ನ ಸಮಿತಿ 2009ರಲ್ಲಿ ಒಪ್ಪಲಿಲ್ಲ!

ಇದರ ಇನ್ನೊಂದು ಮುಖವನ್ನೂ ನೋಡಿ. ಬೆಂಗಳೂರಿನಲ್ಲಿ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ತಾಳವಾದ್ಯಗಳ ಶಾಲೆ ಇದೆ. ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಈ ತಂಡದ ಜೊತೆ, ಗಾಯಕಿ ಆರ್.ಎ. ರಮಾಮಣಿ ಅವರ ಜೊತೆ 1983ರಲ್ಲಿ "ಜ್ಯೋತಿ" ಎಂಬ ಧ್ವನಿಮುದ್ರಿಕೆ ಮಾಡಿದರು. ಹೊರತಂದದ್ದು ಜರ್ಮನಿಯ ಇಸಿಎಂ ಸಂಸ್ಥೆ. ಈ ಮರಿಯಾನೋ ನಮ್ಮ ನಾಗಸ್ವರವನ್ನು ಕಲಿತು ತಮ್ಮ ಜಾಝ್ ಧ್ವನಿಮುದ್ರಿಕೆಗಳಲ್ಲಿ ನುಡಿಸಿದವರು. ಅಂದರೆ ನಾಗಸ್ವರದ ಮನೆಯ ಹುಡುಗ ಅವರ ಸ್ಯಾಕ್ಸೋಫೋನ್ ಎತ್ತಿಕೊಂಡ, ಅವರ ಸ್ಯಾಕ್ಸೋಫೋನಿನವ ನಮ್ಮ ನಾಗಸ್ವರ ಎತ್ತಿಕೊಂಡ. ಇದರಲ್ಲಿ ಯಾರ ಗಂಟು ಯಾರಿಗೆ ಕಡಿಮೆಯಾಯಿತು?

ಅಮೆರಿಕದಲ್ಲಿ ಬೆಳೆದ ಕನ್ನಡ ಮೂಲದ ರುದ್ರೇಶ್ ಮಹಂತಪ್ಪ ಎಂಬ ಜಾಝ್ ಕಲಾವಿದರಿದ್ದಾರೆ, ಅವರದ್ದೂ ಸ್ಯಾಕ್ಸೋಫೋನೇ. ಓದುವ ಕಾಲದಲ್ಲಿ ಅವರ ಅಣ್ಣ ತಮಾಷೆಗೆಂದು ಕದ್ರಿಯವರ ಒಂದು ಧ್ವನಿಮುದ್ರಿಕೆಯನ್ನು ಕೊಟ್ಟರಂತೆ. ತಮಾಷೆ ದಾರಿಯಾಯಿತು. 2008ರಲ್ಲಿ ಇಬ್ಬರೂ ಸೇರಿ "ಕಿನ್ಸ್‌ಮೆನ್" ಎಂಬ ಆಲ್ಬಮ್ ಮಾಡಿದರು. ಆ ಹೆಸರಿನ ಅರ್ಥ ಬಂಧುಗಳು.

ಜಾಝ್, ರಾಕ್ ಎಂದರೆ ಬರೀ ಗದ್ದಲ ಎನ್ನುವ ಹಿರಿಯರಿಗೆ ನಾನು ತಾಳಮದ್ದಳೆಯ ಉದಾಹರಣೆ ಕೊಡುತ್ತೇನೆ. ಭಾಗವತರು ಹಾಡುವ ಪದ ಪ್ರಸಂಗದಲ್ಲಿ ಬರೆದಿಟ್ಟದ್ದು. ಅರ್ಥಧಾರಿಯ ಮಾತು ಮಾತ್ರ ಎಲ್ಲೂ ಬರೆದಿಲ್ಲ. ಎದುರಿನವನು ಎಸೆದ ಮಾತಿಗೆ ಅಲ್ಲೇ ಹುಟ್ಟಬೇಕು, ಪ್ರಸಂಗದ ಚೌಕಟ್ಟನ್ನೂ ಮೀರಬಾರದು. ಜಾಝ್ ನಡೆಯುವುದೂ ಹೀಗೆಯೇ. ಮೊದಲು ಎಲ್ಲರೂ ಸೇರಿ ಗೊತ್ತಿರುವ ಒಂದು ಧಾಟಿ ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರೇ ಸರದಿಯಂತೆ ಅದಕ್ಕೆ ತಮ್ಮ ಅರ್ಥ ಹೇಳುತ್ತಾರೆ, ಕೊನೆಗೆ ಎಲ್ಲರೂ ಮೊದಲಿನ ಧಾಟಿಗೆ ಮರಳುತ್ತಾರೆ. ರಾಕ್ 1950ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದದ್ದು, ವಿದ್ಯುತ್ ಗಿಟಾರ್ ಮತ್ತು ಡ್ರಮ್ಮಿನ ಪೆಟ್ಟು ಅದರ ಬಲ. ಚೆಂಡೆಯ ಪೆಟ್ಟು ಕೇಳಿ ಬೆಳೆದ ಕರಾವಳಿಯವರು ಡ್ರಮ್ಮಿಗೆ ಬೆಚ್ಚಬೇಕೆ?

"ಹಾಗಾದರೆ ಕಲಬೆರಕೆಗೆ ಜೈ ಅನ್ನಬೇಕೆ?" ಎಂದು ಕೇಳುವವರಿದ್ದಾರೆ. ಅವರಿಗೆ ನಮ್ಮ ಭಾಷೆಯೇ ಉತ್ತರ ಹೇಳುತ್ತದೆ. ಬಸ್ಸು ಇಂಗ್ಲಿಷಿನಿಂದ ಬಂತು, ಚಾವಿ ಪೋರ್ಚುಗೀಸರಿಂದ ಬಂತು, ಕುರ್ಚಿ ಮುಸಲ್ಮಾನ ಅರಸರ ಕಾಲದ ಮಾತು. ಆದರೆ ಬಸ್ಸಿಗೆ, ಬಸ್ಸಿನಲ್ಲಿ, ಬಸ್ಸಿನಿಂದ ಎಂದ ಕೂಡಲೇ ಅದು ಕನ್ನಡವಾಯಿತು. ಪದ ಹೊರಗಿನದ್ದು, ವಿಭಕ್ತಿ ಪ್ರತ್ಯಯ ನಮ್ಮದು. ಕದ್ರಿಯವರು ಮಾಡಿದ್ದೂ ಇದನ್ನೇ, ಸ್ಯಾಕ್ಸೋಫೋನಿಗೆ ಗಮಕದ ಪ್ರತ್ಯಯ ಹಚ್ಚಿದರು. ಪ್ರತ್ಯಯ ಹಚ್ಚುವ ಶಕ್ತಿ ಇರುವ ತನಕ ಭಾಷೆಗೆ ಭಯವಿಲ್ಲ. ಹೊರಗಿನ ವಾಕ್ಯವನ್ನು ಇಡಿಯಾಗಿ ತಂದು, ಅದರ ನಡುವೆ ಎಲ್ಲೋ ಒಂದು ಕನ್ನಡ ಪದವನ್ನು ಒಗ್ಗರಣೆಯಂತೆ ಹಾಕಲು ಶುರು ಮಾಡಿದಾಗ ಭಯಪಡಬೇಕು. ನನ್ನ ಪ್ರೆಸ್ಸಿಗೆ ಬರುವ ಮದುವೆಯ ಕಾಗದಗಳಲ್ಲಿ ಅದು ಆಗಲೇ ಶುರುವಾಗಿದೆ. ಗಣಪತಿಯ ಶ್ಲೋಕ ಕನ್ನಡ ಲಿಪಿಯಲ್ಲಿ, ಉಳಿದದ್ದೆಲ್ಲಾ ಇಂಗ್ಲಿಷಿನಲ್ಲಿ!

ಬ್ಯಾಂಡುಗಳ ಪ್ರಶ್ನೆಯೂ ಇಲ್ಲಿಗೇ ಬಂದು ನಿಲ್ಲುತ್ತದೆ. ಬೆಂಗಳೂರಿನಲ್ಲಿ 1996ರಲ್ಲಿ ಹುಟ್ಟಿದ "ಥರ್ಮಲ್ ಅಂಡ್ ಎ ಕ್ವಾರ್ಟರ್" ಎಂಬ ತಂಡ ರಾಕ್, ಜಾಝ್ ಮತ್ತು ನಮ್ಮ ದಕ್ಷಿಣದ ತಾಳಗಳನ್ನೂ ಬೆರೆಸಿ ನುಡಿಸುತ್ತದೆ. ಯಾವ ಸಿನಿಮಾ ಕಂಪನಿಯ ಹಂಗೂ ಇಲ್ಲದೆ 25 ವರ್ಷಕ್ಕೂ ಮೇಲೆ ಬಾಳಿದ ತಂಡ. 2012ರಲ್ಲಿ ಅವರು ತಂದ ಮೂರು ಡಿಸ್ಕುಗಳ ಆಲ್ಬಮ್ಮಿನ ಹೆಸರು "3 ವೀಲ್ಸ್ 9 ಲೈವ್ಸ್". ಮೂರು ಚಕ್ರ ಎಂದರೆ ನಮ್ಮ ಆಟೋ! ಆದರೆ ಹಾಡುಗಳು ಇಂಗ್ಲಿಷಿನಲ್ಲಿ. ಓದುಗರೇ, ಅವರನ್ನು ಬಯ್ಯಲು ನಾನು ಇದನ್ನು ಬರೆಯುತ್ತಿಲ್ಲ. ಅವರ ಶ್ರಮಕ್ಕೆ ನನ್ನ ನಮಸ್ಕಾರವಿದೆ. ಆದರೆ ಒಂದು ಲೆಕ್ಕ ಕೇಳುತ್ತೇನೆ. ಬೆಂಗಳೂರಿನ ಆಟೋದ ಮೇಲೆ ಹುಟ್ಟುವ ಹಾಡು ಕನ್ನಡದಲ್ಲಿ ಹುಟ್ಟದೆ ಹೋದರೆ ಅದರಲ್ಲಿ ನಮ್ಮ ಪಾಲಿನ ತಪ್ಪು ಎಷ್ಟು? ಆ ಕಾಲದಲ್ಲಿ ಕನ್ನಡದ ಯಾವ ವೇದಿಕೆ ಗಿಟಾರಿನವರನ್ನು ಕೂರಿಸಿಕೊಂಡು, "ಬನ್ನಿ, ನಮ್ಮ ಮಾತಿನಲ್ಲಿ ಒಂದು ಕಟ್ಟಿ" ಎಂದಿತು?

ಕಟ್ಟಿದವರೂ ಇದ್ದಾರೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2008ರಲ್ಲಿ ತಂದ ಮೊದಲ ಆಲ್ಬಮ್ಮಿನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಎರಡು ಪದಗಳನ್ನು ಗಿಟಾರ್, ಡ್ರಮ್ಸಿನ ಜೊತೆ ಹಾಡಿದರು. 2011ರಲ್ಲಿ ಅವರ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವಕ್ಕೂ ಹೋಯಿತು. ಶರೀಫರು ಬಾಳಿದ್ದು 1819ರಿಂದ 1889ರವರೆಗೆ, ಧಾರವಾಡದ ಕಡೆಯ ಹಳ್ಳಿಯಲ್ಲಿ. 2002ರಲ್ಲಿ ಹುಟ್ಟಿದ "ಸ್ವರಾತ್ಮ" ತಂಡವೂ ಹಿಂದಿಯ ಜೊತೆ ಕನ್ನಡದಲ್ಲಿ ಹಾಡುತ್ತಾ ಬಂದಿದೆ. ಶರೀಫರ ಹೆಸರನ್ನೇ ಕೇಳಿರದ ಎಷ್ಟೋ ಪೇಟೆಯ ಮಕ್ಕಳು ಗಿಟಾರಿನ ನೆಪದಲ್ಲಿ ಅವರ ಪದ ಗುನುಗುತ್ತಾರೆ. ಇದನ್ನು ಕನ್ನಡದ ಕೆಲಸ ಎನ್ನದೆ ಇನ್ನೇನೆನ್ನಬೇಕು?

ಆದರೆ ಬ್ಯಾಂಡಿನವರಿಗೂ ನನ್ನದೊಂದು ತಕರಾರಿದೆ. ಎಷ್ಟು ದಿನ ಶರೀಫರು, ಪುರಂದರದಾಸರು? ಅವರು ತಮ್ಮ ಕಾಲದ ಮಾತನ್ನು ತಾವೇ ಕಟ್ಟಿ ಹಾಡಿದವರು. ನಮ್ಮ ಕಾಲದ ಮಾತು ಎಲ್ಲಿ? ಘಾಟಿ ಹತ್ತುವ ಬಸ್ಸಿನ ಹಾಡು, ಗಲ್ಫಿಗೆ ಹೋದ ಮಗನ ಹಾಡು, ಬೀಡಿ ಕಟ್ಟುವ ತಾಯಿಯ ಹಾಡು, ಶಾಲೆಯಲ್ಲಿ ಕನ್ನಡ ಮಾತಾಡಿ ದಂಡ ಕಟ್ಟಿದ ಮಗುವಿನ ಹಾಡು ಎಲ್ಲಿ? ಹಳೆಯ ಪದಕ್ಕೆ ಹೊಸ ತಂತಿ ಕಟ್ಟುವುದು ಅರ್ಧ ಕೆಲಸ. ಹೊಸ ಪದವನ್ನೂ ಕಟ್ಟಬೇಕು. ಅದಕ್ಕೆ ನಮ್ಮ ಕವಿಗಳು ಕವಿಗೋಷ್ಠಿ ಬಿಟ್ಟು ಈ ಹುಡುಗರ ಪಕ್ಕದಲ್ಲಿ ಕುಳಿತುಕೊಳ್ಳಬೇಕು. ಮನೆಯಲ್ಲಿ ತುಳು ಆಡುವ ನನ್ನಂಥವರ ಮಕ್ಕಳು ತುಳುವಿನಲ್ಲೂ ಕಟ್ಟಲಿ. ತುಳು ಬೆಳೆದರೆ ಕನ್ನಡಕ್ಕೆ ನಷ್ಟವಿಲ್ಲ.

ಇಷ್ಟು ಹೇಳಿದ ಮೇಲೂ "ಇದೆಲ್ಲ ಕನ್ನಡ ಹೋರಾಟಗಾರರಿಗೆ ತಕ್ಕ ಮಾತಲ್ಲ" ಎನ್ನುವ ಗೆಳೆಯರಿಗೆ ಅಣ್ಣಾವ್ರನ್ನು ನೆನಪಿಸುತ್ತೇನೆ. 1978ರ "ಆಪರೇಷನ್ ಡೈಮಂಡ್ ರಾಕೆಟ್" ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಅವರ ಸಂಗೀತದಲ್ಲಿ, ಪಾಶ್ಚಾತ್ಯ ವಾದ್ಯಗಳ ಅಬ್ಬರದಲ್ಲಿ, ಡಾ. ರಾಜ್‌ಕುಮಾರ್ ಒಂದು ಇಂಗ್ಲಿಷ್ ಹಾಡನ್ನೇ ಹಾಡಿದರು. ಇವತ್ತಿಗೂ ಅದಕ್ಕೆ ಶಿಳ್ಳೆ ಹೊಡೆಯದವರು ನಮ್ಮಲ್ಲಿ ಯಾರಿದ್ದಾರೆ? ನಾಲ್ಕೇ ವರ್ಷಗಳ ನಂತರ, 1982ರಲ್ಲಿ, ಗೋಕಾಕ್ ಚಳವಳಿಗೆ ಇಳಿದು ಇಡೀ ನಾಡನ್ನು ಬೀದಿಗೆ ತಂದವರೂ ಅವರೇ. ಗಿಟಾರಿನ ಜೊತೆ ಹಾಡಿದ್ದಕ್ಕೆ ಅವರ ಕನ್ನಡ ಕಡಿಮೆಯಾಗಲಿಲ್ಲ. ನಮ್ಮದು ಮಾತ್ರ ಅಷ್ಟು ಬಡಕಲೆ?

ಈಗ ಮಾಡಬೇಕಾದ್ದನ್ನು ಹೇಳಿ ಮುಗಿಸುತ್ತೇನೆ. ಊರೂರಿನ ರಾಜ್ಯೋತ್ಸವ ಸಮಿತಿಗಳು ರಸಮಂಜರಿಯನ್ನು ಬಿಡಬೇಕಾಗಿಲ್ಲ. ಅದರ ಮೊದಲು ಅರ್ಧ ಗಂಟೆಯನ್ನು ಸ್ವಂತ ಕನ್ನಡ ಹಾಡು ಕಟ್ಟಿದ ತಂಡಕ್ಕೆ ಮೀಸಲಿಡಲಿ. ಪುಕ್ಕಟೆ ಬೇಡ, ರಸಮಂಜರಿಯವರಿಗೆ ಕೊಡುವುದರ ಕಾಲು ಭಾಗವನ್ನಾದರೂ ಮುಂಗಡವಾಗಿ ಕೊಡಲಿ. ತಂತಿ ಕಡಿದರೆ ತಂತಿಗೆ ದುಡ್ಡು, ಡ್ರಮ್ಸ್ ಹೊತ್ತು ತರುವ ಟೆಂಪೋಗೆ ದುಡ್ಡು. ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರೆ ಟೆಂಪೋದವನು ಒಪ್ಪುವುದಿಲ್ಲ. ಹುಡುಗರು ನುಡಿಸುವಾಗ ಕೆಳಗಿನಿಂದ "ಸಿನಿಮಾ ಹಾಡು ಹಾಕ್ರಯ್ಯಾ" ಎಂದು ಕೂಗುವ ಚಾಳಿಯನ್ನು ನಾವೂ ಬಿಡೋಣ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರು ಜಾನಪದ, ಶಾಸ್ತ್ರೀಯ, ಸುಗಮ ಸಂಗೀತಗಳ ಸಾಲಿನಲ್ಲಿ ಇಂಥ ತಂಡಗಳಿಗೂ ಒಂದು ಜಾಗ ಮಾಡಲಿ. ಬ್ಯಾಂಡಿನ ಮಕ್ಕಳೂ ಒಂದು ಮಾತು ನಡೆಸಿಕೊಡಬೇಕು. ಹಾಡು ಕನ್ನಡದ್ದಾದರೆ ಪೋಸ್ಟರೂ ಕನ್ನಡದಲ್ಲಿರಲಿ, ಹಾಡಿನ ನಡುವೆ ಜನರ ಜೊತೆ ಆಡುವ ಮಾತೂ ಕನ್ನಡದಲ್ಲಿರಲಿ.

ಆ ಗಿಟಾರಿನ ಹುಡುಗ ಹೋದ ವರ್ಷ ಮದುವೆ ಕಾಗದ ಅಚ್ಚು ಮಾಡಿಸಲು ಬಂದಿದ್ದ. ಈಗ ಬೆಂಗಳೂರಿನಲ್ಲಿ ಕೆಲಸ, ತಲೆಯಲ್ಲಿ ನಾಲ್ಕಾರು ಬಿಳಿ ಕೂದಲು. 2009ರ ಮಾತನ್ನು ಅವನು ತೆಗೆಯಲಿಲ್ಲ, ನಾನೇ ತೆಗೆದು ತಪ್ಪಾಯಿತೆಂದೆ. "ಅಯ್ಯೋ ಬಿಡಿ ಅಣ್ಣ, ಗಿಟಾರ್ ಮಾರಿ ಎಷ್ಟೋ ವರ್ಷ ಆಯಿತು" ಎಂದು ನಕ್ಕ. ಸ್ಯಾಕ್ಸೋಫೋನಿನ ಹುಡುಗ ಮಾತ್ರ ಈಗಲೂ ನೇಮಗಳಿಗೆ ಹೋಗುತ್ತಾನಂತೆ. ಅವರು ಬರೆದಿದ್ದ ಎರಡು ಹಾಡು ಏನಾಯಿತು ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಒಂದರ ಪಲ್ಲವಿ ನೆನಪಿದೆ, ಉಳಿದದ್ದು ಮರೆತುಹೋಗಿದೆ" ಎಂದ.

ಎರಡು ಕನ್ನಡ ಹಾಡುಗಳು ಹೀಗೆ ಸತ್ತುಹೋದವು ಬಂಧುಗಳೇ. ಯಾವ ಪರಭಾಷೆಯವನೂ ಅವನ್ನು ಕೊಲ್ಲಲಿಲ್ಲ. ಈ ನವೆಂಬರಿನಲ್ಲಿ ಗಿಟಾರ್ ಹಿಡಿದು ನಿಮ್ಮ ಸಮಿತಿಯ ಬಾಗಿಲಿಗೆ ಬರುವ ಹುಡುಗನಿಗೆ "ವಾದ್ಯ ಯಾರದ್ದು?" ಎಂದು ಕೇಳಬೇಡಿ. "ಹಾಡು ಯಾವುದಪ್ಪಾ, ಹೇಳು" ಎಂದು ಕೇಳಿ. ಅವನ ತಂಡದ ಹೆಸರನ್ನು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಲು ಬಜಗೋಳಿಯ ಈ ಪ್ರೆಸ್ಸಿನವನು ಒಂದು ಪೈಸೆಯನ್ನೂ ಕೇಳುವುದಿಲ್ಲ.